ಚಂದ್ರನ ಖರ್ಚು, ಶಾಲೆಯ ಖರ್ಚು: ಗಡಿನಾಡಿನಿಂದ ಒಂದು ಲೆಕ್ಕ

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವ ಪ್ರದೇಶದಲ್ಲಿ ಇಳಿಯುವುದನ್ನು ನಾವು ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಮಕ್ಕಳೊಂದಿಗೆ ಕುಳಿತು ನೋಡಿದೆವು. ಶಾಲೆ ಬಿಟ್ಟ ಮೇಲೂ ಮಕ್ಕಳು ಮನೆಗೆ ಹೋಗಿರಲಿಲ್ಲ. ಆರು ಗಂಟೆ ದಾಟಿ ನಾಲ್ಕು ನಿಮಿಷಕ್ಕೆ ಪರದೆಯ ಮೇಲೆ ವಿಜ್ಞಾನಿಗಳು ಎದ್ದು ಚಪ್ಪಾಳೆ ತಟ್ಟಿದಾಗ ನಮ್ಮ ಕೊಠಡಿಯೂ ಮೊಳಗಿತು. ಗದ್ದಲ ಇಳಿದ ಬಳಿಕ ಹಿಂದಿನ ಬೆಂಚಿನ ಬಾಲಕಿಯೊಬ್ಬಳು ಕೇಳಿದಳು: "ಮಾಸ್ಟ್ರೇ, ಚಂದ್ರನಲ್ಲಿಗೆ ಹೋಗ್ಲಿಕ್ಕೆ ಸರಕಾರದ ಹತ್ರ ದುಡ್ಡುಂಟು. ನಮಗೆ ಲೆಕ್ಕ ಕಲಿಸ್ಲಿಕ್ಕೆ ಕನ್ನಡ ಬರುವ ಟೀಚರನ್ನು ಇಡ್ಲಿಕ್ಕೆ ದುಡ್ಡಿಲ್ವಾ?"

ಆ ತರಗತಿಗೆ ಗಣಿತ ಕಲಿಸಲು ನೇಮಕಗೊಂಡಿದ್ದವರಿಗೆ ಕನ್ನಡ ಓದಲೂ ಬರೆಯಲೂ ಬರುತ್ತಿರಲಿಲ್ಲ. ಅದು ಅವರ ತಪ್ಪಲ್ಲ. ಅವರನ್ನು ಅಲ್ಲಿಗೆ ಕಳುಹಿಸಿದ ವ್ಯವಸ್ಥೆಯ ತಪ್ಪು. ಬಾಲಕಿಯ ಪ್ರಶ್ನೆಗೆ ಅಂದು ನಾವು ಸರಿಯಾದ ಉತ್ತರ ಕೊಡಲಿಲ್ಲ. ಬಡದೇಶಕ್ಕೆ ಬಾಹ್ಯಾಕಾಶವೇಕೆ, ಆ ಹಣದಲ್ಲಿ ಶಾಲೆ, ಆಸ್ಪತ್ರೆ ಕಟ್ಟಬಾರದೆ ಎಂಬ ಚರ್ಚೆ ಪ್ರತಿ ಉಡಾವಣೆಯ ಹಿಂದೆಯೇ ಬರುತ್ತದೆ. ಆದುದರಿಂದ ಆ ಉತ್ತರವನ್ನು ಈಗ ಲೆಕ್ಕ ಸಹಿತ ಹೇಳಬೇಕಾಗಿದೆ.

ಮೊದಲು ಅಂಕಿಗಳನ್ನು ನೋಡೋಣ. ಚಂದ್ರಯಾನ-3ಕ್ಕೆ ತಗಲಿದ ವೆಚ್ಚ ಸುಮಾರು 615 ಕೋಟಿ ರೂಪಾಯಿ. 2025-26ರ ಕೇಂದ್ರ ಮುಂಗಡಪತ್ರದ ಒಟ್ಟು ಗಾತ್ರ 50.65 ಲಕ್ಷ ಕೋಟಿ. ಅದರಲ್ಲಿ ಬಾಹ್ಯಾಕಾಶ ಇಲಾಖೆಗೆ ಸಂದದ್ದು ಸುಮಾರು 13,416 ಕೋಟಿ. ಅಂದರೆ ಕೇಂದ್ರವು ಖರ್ಚು ಮಾಡುವ ಪ್ರತಿ ನೂರು ರೂಪಾಯಿಯಲ್ಲಿ ಬಾಹ್ಯಾಕಾಶಕ್ಕೆ ಹೋಗುವುದು ಇಪ್ಪತ್ತಾರು ಪೈಸೆ. ಜನಸಂಖ್ಯೆಯಿಂದ ಭಾಗಿಸಿದರೆ ತಲೆಗೆ ವರ್ಷಕ್ಕೆ ನೂರು ರೂಪಾಯಿಯೂ ಆಗದು. ಅದೇ ವರ್ಷ ಶಾಲಾ ಶಿಕ್ಷಣ ಇಲಾಖೆಗೆ ಕೇಂದ್ರ ಕೊಟ್ಟದ್ದು ಸುಮಾರು 78,500 ಕೋಟಿ. ರಾಜ್ಯಗಳು ಶಿಕ್ಷಣಕ್ಕೆ ವ್ಯಯಿಸುವ ಮೊತ್ತ ಇದಕ್ಕೆ ಹೊರತು.

ಇನ್ನೊಂದು ಹೋಲಿಕೆಯನ್ನೂ ಮರೆಮಾಚಬಾರದು. ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಧ್ಯಾಹ್ನದ ಊಟಕ್ಕೆ ಕೇಂದ್ರ ಆ ವರ್ಷ ಮೀಸಲಿಟ್ಟದ್ದು 12,500 ಕೋಟಿ. ದೇಶದ ಮಕ್ಕಳ ಒಂದು ಹೊತ್ತಿನ ಅನ್ನದ ಕೇಂದ್ರ ಪಾಲೂ ಇಡೀ ಬಾಹ್ಯಾಕಾಶ ಇಲಾಖೆಯ ವೆಚ್ಚವೂ ಹೆಚ್ಚುಕಡಿಮೆ ಸಮ. ಬಾಹ್ಯಾಕಾಶದ ಖರ್ಚನ್ನು ಪ್ರಶ್ನಿಸುವವರನ್ನು ದೇಶದ್ರೋಹಿಗಳೆಂದೋ ವಿಜ್ಞಾನ ವಿರೋಧಿಗಳೆಂದೋ ಜರೆಯುವುದು ಸಲ್ಲದು. ಅದರಲ್ಲೂ ಮಾನವಸಹಿತ ಗಗನಯಾನ ಕಾರ್ಯಕ್ರಮದ ಒಟ್ಟು ವೆಚ್ಚವನ್ನು 2024ರಲ್ಲಿ 20,193 ಕೋಟಿಗೆ ಏರಿಸಲಾಗಿದೆ. ಅಷ್ಟು ಹಣದಿಂದ ಜನಸಾಮಾನ್ಯರಿಗೆ ಆಗುವ ಪ್ರಯೋಜನವೇನೆಂದು ಕೇಳುವ ಹಕ್ಕು ಪ್ರಜೆಗಳಿಗಿದೆ.

ಆದರೆ ಬಾಹ್ಯಾಕಾಶವೆಂದರೆ ಚಂದ್ರ, ಮಂಗಳ ಮಾತ್ರವಲ್ಲ. 1999ರಲ್ಲಿ ಒಡಿಶಾಕ್ಕೆ ಅಪ್ಪಳಿಸಿದ ಮಹಾ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. 2013ರಲ್ಲಿ ಅದೇ ಕರಾವಳಿಗೆ ಫೈಲಿನ್ ಬಂದಾಗ ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ನಡುವಿನ ವರ್ಷಗಳಲ್ಲಿ ಉಪಗ್ರಹ ಆಧಾರಿತ ಮುನ್ಸೂಚನೆ ಸುಧಾರಿಸಿತ್ತು. ಅದನ್ನು ನಂಬಿ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸುವ ಆಡಳಿತವೂ, ಅವರಿಗೆ ಆಶ್ರಯ ಕೊಡುವ ಕಟ್ಟಡಗಳೂ ಸಿದ್ಧವಾಗಿದ್ದವು. ನಮ್ಮ ಮಂಜೇಶ್ವರ, ಕುಂಬಳೆಯ ಕಡಲಿನಲ್ಲಿ ಮೀನು ಎಲ್ಲಿ ಸಿಗಬಹುದೆಂಬ ಸೂಚನೆಯೂ ಸಮುದ್ರದ ಮೇಲ್ಮೈಯ ಉಷ್ಣತೆಯನ್ನೂ ಬಣ್ಣವನ್ನೂ ಅಳೆಯುವ ಉಪಗ್ರಹಗಳಿಂದಲೇ ಬರುತ್ತದೆ.

ಇದಕ್ಕೆ ಇನ್ನೊಂದು ಮುಖವೂ ಇದೆ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬೀಸಿದಾಗ ಆಕಾಶದಲ್ಲಿ ಉಪಗ್ರಹಗಳಿಗೇನೂ ಕೊರತೆ ಇರಲಿಲ್ಲ. ಆದರೂ ಅದಾಗಲೇ ಆಳಸಮುದ್ರಕ್ಕೆ ಹೋಗಿದ್ದ ಕೇರಳ, ತಮಿಳುನಾಡಿನ ಬೆಸ್ತರಿಗೆ ಎಚ್ಚರಿಕೆ ಮುಟ್ಟಲಿಲ್ಲ. ಅನೇಕರು ಮರಳಿ ಬರಲಿಲ್ಲ. ಆ ಬಳಿಕವೇ ಮೊಬೈಲ್ ಸಂಕೇತ ಸಿಗದ ದೂರದ ದೋಣಿಗಳಿಗೂ ಉಪಗ್ರಹದ ಮೂಲಕ ಸಂದೇಶ ತಲುಪಿಸುವ ಸಾಧನಗಳು ಬಂದವು. ಖರ್ಚು ಸಾರ್ಥಕವಾಯಿತೆ ಎಂಬುದನ್ನು ತೀರ್ಮಾನಿಸುವುದು ಕೊನೆಯ ದೋಣಿ, ರಾಕೆಟ್ಟಿನ ಎತ್ತರವಲ್ಲ.

ಶಿಕ್ಷಣದಲ್ಲಿಯೂ ಇದೇ ಮಾತು. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಇಸ್ರೋ 'ಸೈಟ್' ಎಂಬ ದೂರದರ್ಶನ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪಾಠ, ಕೃಷಿ, ಆರೋಗ್ಯದ ಕಾರ್ಯಕ್ರಮಗಳು ತಲುಪಿದವು. ಹಿಂದಿ, ತೆಲುಗು, ಒಡಿಯಾಗಳ ಜತೆಗೆ ಕನ್ನಡದಲ್ಲಿಯೂ ಅವು ಪ್ರಸಾರವಾದವು. ಸ್ವಂತ ಸಂಪರ್ಕ ಉಪಗ್ರಹವೇ ಇಲ್ಲದಿದ್ದ ಕಾಲದಲ್ಲಿ ಕಲಬುರಗಿ, ರಾಯಚೂರಿನ ಹಳ್ಳಿಯ ಮಗುವಿಗೆ ಅದರ ಭಾಷೆಯಲ್ಲೇ ತಲುಪಬೇಕೆಂದು ಯೋಜಿಸಿದವರಿದ್ದರು.

ನಲವತ್ತೈದು ವರ್ಷಗಳ ಬಳಿಕ ಕೋವಿಡ್ ಕಾಲದಲ್ಲಿ ನಾವು ಕಂಡದ್ದೇನು? ಕೇರಳದ ವಿಕ್ಟರ್ಸ್ ವಾಹಿನಿ ಇಸ್ರೋದ ಎಜುಸ್ಯಾಟ್ ಉಪಗ್ರಹದ ಆಸರೆಯಲ್ಲಿ 2005ರಲ್ಲಿ ಹುಟ್ಟಿದ್ದು. 2020ರ ಜೂನ್ 1ರಂದು ಅದರಲ್ಲಿ 'ಫಸ್ಟ್ ಬೆಲ್' ಪಾಠಗಳು ಆರಂಭವಾದವು. ಮಲಯಾಳದ ಪಾಠ ಮನೆಮನೆಯ ಟಿ.ವಿ.ಗೆ ಬಂತು. ಕನ್ನಡ ಮಾಧ್ಯಮದ ಪಾಠಗಳಿಗೆ ಮುಖ್ಯವಾಗಿ ಅಂತರ್ಜಾಲವೇ ಗತಿಯಾಯಿತು. ಅವನ್ನು ಸಿದ್ಧಪಡಿಸಿದ ಕನ್ನಡ ಅಧ್ಯಾಪಕರ ಶ್ರಮಕ್ಕೆ ನಾವು ಋಣಿಗಳು. ಆದರೆ ಫೋನಿಗೆ ರೇಂಜ್ ಹುಡುಕಿಕೊಂಡು ಗುಡ್ಡ ಹತ್ತಬೇಕಾದ ಮಗುವಿಗೂ ಮನೆಯ ಟಿ.ವಿ.ಯ ಮುಂದೆ ಕುಳಿತ ಮಗುವಿಗೂ ನಡುವಿನ ಅಂತರ ಹಣದ ಕೊರತೆಯಿಂದ ಹುಟ್ಟಿದ್ದಲ್ಲ. ಉಪಗ್ರಹವಿತ್ತು, ವಾಹಿನಿಯಿತ್ತು, ಕನ್ನಡದ ಮಗು ಮಾತ್ರ ಮೊದಲ ದಿನದ ಯೋಜನೆಯಲ್ಲಿರಲಿಲ್ಲ.

ಈಗ ಆ ಬಾಲಕಿಯ ಪ್ರಶ್ನೆಗೆ ಮರಳೋಣ. ಕನ್ನಡ ಬಲ್ಲ ಅಧ್ಯಾಪಕರನ್ನು ಇಡಲು ದುಡ್ಡಿಲ್ಲವೆ? ಇದೆ. ಆ ಹುದ್ದೆ ಮಂಜೂರಾಗಿತ್ತು, ಭರ್ತಿಯೂ ಆಗಿತ್ತು, ಸಂಬಳವೂ ಪಾವತಿಯಾಗುತ್ತಿತ್ತು. ಕಡತದ ಪ್ರಕಾರ ಕೊರತೆಯೇ ಇಲ್ಲ. ಖರ್ಚಿನ ಪಟ್ಟಿಯಲ್ಲಿ ಆ ತರಗತಿಗೆ ಗಣಿತ ಕಲಿಸಲಾಗಿದೆ. ಮಕ್ಕಳ ಪುಸ್ತಕದಲ್ಲಿ ಕಲಿಸಲಾಗಿಲ್ಲ. ಚಂದ್ರಯಾನವನ್ನೇ ರದ್ದುಪಡಿಸಿ 615 ಕೋಟಿಯನ್ನೂ ಶಿಕ್ಷಣ ಇಲಾಖೆಗೆ ಕೊಟ್ಟಿದ್ದರೂ ಆ ಮಕ್ಕಳ ಕೊರತೆ ನೀಗುತ್ತಿರಲಿಲ್ಲ.

ನಮ್ಮ ದೃಷ್ಟಿಯಲ್ಲಿ ಎರಡೂ ಖರ್ಚುಗಳ ನಡುವಿನ ನಿಜವಾದ ವ್ಯತ್ಯಾಸ ಇಲ್ಲಿದೆ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ಲ್ಯಾಂಡರ್ ಚಂದ್ರನ ಮೇಲೆ ಬಿದ್ದು ಒಡೆಯಿತು. ಯಾರೂ ಅದನ್ನು ಯಶಸ್ಸೆಂದು ದಾಖಲಿಸಿ ಕಡತ ಮುಚ್ಚಲಿಲ್ಲ. ಎಲ್ಲಿ ತಪ್ಪಿತೆಂದು ಹುಡುಕಿದರು. ಕಾಲುಗಳನ್ನು ಬಲಪಡಿಸಿದರು, ಹೆಚ್ಚು ಇಂಧನ ತುಂಬಿದರು, ವೇಗ ಅಳೆಯಲು ಹೊಸ ಉಪಕರಣ ಜೋಡಿಸಿದರು, ಇಳಿಯುವ ಜಾಗವನ್ನು ಹಲವು ಪಟ್ಟು ವಿಸ್ತರಿಸಿದರು. ನಾಲ್ಕು ವರ್ಷಗಳಲ್ಲಿ ಗೆದ್ದರು. 2025ರ ಮೇ 18ರಂದು ಪಿ.ಎಸ್.ಎಲ್.ವಿ-ಸಿ61 ವಿಫಲವಾದಾಗಲೂ ಅದೇ ದಿನ ಇಡೀ ದೇಶಕ್ಕೆ ಗೊತ್ತಾಯಿತು. ರಾಕೆಟ್ ಬಿದ್ದರೆ ಎಲ್ಲರಿಗೂ ಕಾಣುತ್ತದೆ. ತರಗತಿಯೊಂದು ವರ್ಷವಿಡೀ ಸೋತರೆ ಯಾರಿಗೂ ಕಾಣುವುದಿಲ್ಲ. ಯಾಕೆ ಸೋತಿತೆಂದು ಹುಡುಕುವ ಸಮಿತಿಯೂ ಇಲ್ಲ. ನಾವು ಧರಣಿ ಕುಳಿತ ಮೇಲೆ ಒಬ್ಬರ ವರ್ಗಾವಣೆಯಾಗುತ್ತದೆ, ಮರುವರ್ಷ ಇನ್ನೊಂದು ಶಾಲೆಯಲ್ಲಿ ಅದೇ ಕತೆ ಮೊದಲಾಗುತ್ತದೆ.

ಇದರರ್ಥ ಶಿಕ್ಷಣಕ್ಕೆ ಈಗ ಕೊಡುತ್ತಿರುವ ಹಣ ಸಾಕೆಂದಲ್ಲ. ರಾಷ್ಟ್ರೀಯ ಆದಾಯದ ಶೇಕಡಾ 6ರಷ್ಟನ್ನು ಶಿಕ್ಷಣಕ್ಕೆ ವ್ಯಯಿಸಬೇಕೆಂದು ಕೊಠಾರಿ ಆಯೋಗ 1966ರಲ್ಲಿಯೇ ಹೇಳಿತ್ತು. ಆ ಗುರಿಯನ್ನು ನಾವಿನ್ನೂ ಮುಟ್ಟಿಲ್ಲ. ಆದರೆ ಆ ಕೊರತೆ ತುಂಬಲು ಇಪ್ಪತ್ತಾರು ಪೈಸೆಯ ಕಡೆಗೆ ಕೈಚಾಚುವುದು ವ್ಯರ್ಥ. ಉಳಿದ ತೊಂಬತ್ತೊಂಬತ್ತು ರೂಪಾಯಿ ಎಪ್ಪತ್ತನಾಲ್ಕು ಪೈಸೆಯಲ್ಲಿ ಶಾಲೆಗೆ ಎಷ್ಟು, ಅದರಲ್ಲಿ ಮಗುವಿಗೆ ತಲುಪಿದ್ದೆಷ್ಟು ಎಂದು ಕೇಳುವುದು ಸಾರ್ಥಕ.

ಭಾಷಾ ಅಲ್ಪಸಂಖ್ಯಾತರಾದ ನಮಗೆ ಇದನ್ನು ಕೇಳಲು ಸಂವಿಧಾನದ ಬಲವೂ ಇದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆಂದು 350-ಎ ವಿಧಿ ಹೇಳುತ್ತದೆ. ರಾಜ್ಯಗಳ ಮರುವಿಂಗಡಣೆಯಾಗಿ ನಾವು ಗಡಿಯ ಈಚೆ ಉಳಿದ 1956ರಲ್ಲಿಯೇ ಅದು ಸಂವಿಧಾನವನ್ನು ಸೇರಿತು.

ಆದುದರಿಂದ ನಮ್ಮ ಬೇಡಿಕೆ ದುಬಾರಿಯದಲ್ಲ. ಕನ್ನಡ ಮಾಧ್ಯಮದ ಹುದ್ದೆಗೆ ನೇಮಿಸುವ ಮುನ್ನ ಅಭ್ಯರ್ಥಿಗೆ ಕನ್ನಡದಲ್ಲಿ ಪಾಠ ಮಾಡಲು ಬರುವುದೆಂದು ತರಗತಿಯಲ್ಲೇ ಪರೀಕ್ಷಿಸಬೇಕು. ಹುದ್ದೆ ಭರ್ತಿಯ ವರದಿಯಲ್ಲಿ 'ಕನ್ನಡ ಬಲ್ಲವರು' ಎಂಬ ಪ್ರತ್ಯೇಕ ಅಂಕಣವಿರಬೇಕು. ಕನ್ನಡ ತಿಳಿಯದವರು ಇರುವ ಹುದ್ದೆಯನ್ನು ಖಾಲಿ ಎಂದೇ ಎಣಿಸಬೇಕು. ಹವಾಮಾನದ ಎಚ್ಚರಿಕೆ, ಆರೋಗ್ಯ ಸೂಚನೆ, ಅಕ್ಷಯ ಕೇಂದ್ರದಲ್ಲಿ ತುಂಬುವ ಅರ್ಜಿ ಕನ್ನಡದಲ್ಲಿಯೂ ಸಿಗಬೇಕು.

ಮುಂದಿನ ರಕ್ಷಕ-ಶಿಕ್ಷಕ ಸಭೆಯಲ್ಲಿ ಪ್ರತಿಯೊಬ್ಬ ಹೆತ್ತವರೂ ಒಂದು ಪ್ರಶ್ನೆ ಕೇಳಲಿ: ನಮ್ಮ ಶಾಲೆಯಲ್ಲಿ ಕನ್ನಡದಲ್ಲಿ ಪಾಠ ಮಾಡಬಲ್ಲ ಅಧ್ಯಾಪಕರು ಎಷ್ಟು ಮಂದಿ, ಯಾವ ಯಾವ ವಿಷಯಕ್ಕೆ? ಉತ್ತರವನ್ನು ಬರಹದಲ್ಲಿ ಪಡೆದು ಇಟ್ಟುಕೊಳ್ಳಲಿ. ಕಡತದಲ್ಲಿ ಭರ್ತಿಯಾಗಿ ತರಗತಿಯಲ್ಲಿ ಖಾಲಿ ಇರುವ ಹುದ್ದೆಗಳ ಪಟ್ಟಿ ಆಗ ನಮ್ಮ ಕೈಯಲ್ಲೇ ಇರುತ್ತದೆ.