ಗೋಡೆಗೊಂದು ಪ್ಲಗ್ ಪಾಯಿಂಟ್ ಕೇಳಿ

ಬಾಡಿಗೆ ಮನೆಯ ವೈರುಗಳನ್ನು ಮರೆಮಾಡುವುದು ಹೇಗೆಂದು ಕಲಿಸುವ ವೀಡಿಯೊಗಳಿಗೆ ಬರವಿಲ್ಲ. ಟಿವಿ ಹಿಂದಿನ ವೈರುಗಳನ್ನೆಲ್ಲ ಸೇರಿಸಿ ಕಟ್ಟಿ, ಎಕ್ಸ್‌ಟೆನ್ಶನ್ ಬೋರ್ಡನ್ನು ಚೆಂದದ ಡಬ್ಬಿಯೊಳಗಿಡಿ, ಉಳಿದದ್ದನ್ನು ಕಾರ್ಪೆಟ್ ಕೆಳಗೆ ತಳ್ಳಿ, ಮುಂದೊಂದು ಮನಿಪ್ಲಾಂಟ್ ಇಡಿ. ಮೊಳೆ ಹೊಡೆಯುವಂತಿಲ್ಲವಲ್ಲ, ಎಲ್ಲದಕ್ಕೂ ಅಂಟುಪಟ್ಟಿ. ಆದರೆ ಅಷ್ಟೊಂದು ವೈರು ಆ ಕೋಣೆಯ ತುಂಬ ಯಾಕೆ ಹರಿದಾಡುತ್ತಿದೆ ಎಂದು ಇವರು ಕೇಳುವುದಿಲ್ಲ.

ಗೋಡೆಯಲ್ಲಿ ಪಾಯಿಂಟ್ ಇಲ್ಲ, ಅದಕ್ಕೆ. ಮುಂಬೈಯ ಅಂಧೇರಿ, ಬೊರಿವಲಿ, ಮುಲುಂಡ್ ಕಡೆಯ ಹಳೆಯ ಸೊಸೈಟಿಗಳಲ್ಲಿ ಬಾಡಿಗೆಗೆ ಮನೆ ನೋಡಿದವರಿಗೆ ಇದು ಗೊತ್ತು. ಬೆಡ್‌ರೂಮಿಗೊಂದು ಸ್ವಿಚ್‌ಬೋರ್ಡು, ಅದರಲ್ಲೊಂದು ಸಾಕೆಟ್ಟು, ಅದೂ ಬಾಗಿಲ ಹಿಂದೆ. ಟೇಬಲ್ ಫ್ಯಾನು, ಇಸ್ತ್ರಿಪೆಟ್ಟಿಗೆ ಬಿಟ್ಟರೆ ಬೇರೇನೂ ಇಲ್ಲದ ಕಾಲದ ಲೆಕ್ಕ ಅದು. ಈಗ ಅದೇ ಕೋಣೆಯೇ ಆಫೀಸು. ರೂಟರ್, ಲ್ಯಾಪ್‌ಟಾಪ್, ಮಾನಿಟರ್, ಎರಡು ಫೋನು, ಒಂದು ಪ್ರಿಂಟರ್. ಬಾಡಿಗೆ ಏರುತ್ತ ಹೋಯಿತು, ಸಾಕೆಟ್ಟು ಒಂದೇ ಉಳಿಯಿತು. ಈ ಕೊರತೆ ಮನೆಯದು, ಅಂದರೆ ಓನರ್‌ದು. ಅದನ್ನು ತುಂಬಲು ಬೋರ್ಡು ಕೊಳ್ಳುವವರು ಬಾಡಿಗೆದಾರರು. ಆ ಬೋರ್ಡು ಕಾಣದಂತೆ ಮಾಡಲು ಇನ್ನಷ್ಟು ಖರ್ಚು ಮಾಡುವವರೂ ಅವರೇ. ಮನೆ ನೋಡಿದವರು 'ಎಷ್ಟು ನೀಟಾಗಿದೆ' ಎನ್ನುವಾಗ ಮುಚ್ಚಿಹೋಗುವುದು ಓನರ್‌ನ ಜಿಪುಣತನ.

ಈ ಜಿಪುಣತನಕ್ಕೆ ಕಾಗದದ ಬಲವೂ ಇದೆ. ಅನುವಾದದ ಕೆಲಸದಲ್ಲಿ 'ಲೀವ್ ಅಂಡ್ ಲೈಸೆನ್ಸ್' ಕರಾರುಗಳು ನನ್ನ ಮೇಜಿಗೆ ಆಗಾಗ ಬರುತ್ತವೆ. ಇಲ್ಲಿ 'ಲೀವ್' ಎಂದರೆ ಅಪ್ಪಣೆ, 'ಲೈಸೆನ್ಸ್' ಎಂದರೂ ಅಪ್ಪಣೆ. ಇಂಗ್ಲಿಷ್ ಕಾನೂನಿಗೆ ಪ್ರಿಯವಾದ ಜೋಡುಪದ. ಬಾಡಿಗೆ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ತಿಂಗಳಿಗೆ ಕೊಡುವುದು 'ಲೈಸೆನ್ಸ್ ಫೀ', ಕೊಡುವ ನೀವು 'ಲೈಸೆನ್ಸಿ'. 1882ರ ಭಾರತೀಯ ಈಸ್‌ಮೆಂಟ್ಸ್ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಲೈಸೆನ್ಸ್ ಎಂದರೆ, ಅದಿಲ್ಲದೆ ಮಾಡಿದ್ದರೆ ಕಾನೂನುಬಾಹಿರವಾಗುತ್ತಿದ್ದ ಕೆಲಸವನ್ನು ಇನ್ನೊಬ್ಬರ ಸ್ಥಿರಾಸ್ತಿಯಲ್ಲಿ ಮಾಡಲು ಸಿಗುವ ಹಕ್ಕು. ಆಸ್ತಿಯಲ್ಲಿ ಅದರಿಂದ ಯಾವ ಪಾಲೂ ಹುಟ್ಟುವುದಿಲ್ಲ. ಗೋಡೆಯ ಪಕ್ಕ ಮಲಗಲು ಅಪ್ಪಣೆಯುಂಟು, ಗೋಡೆಯ ಮೇಲೆ ಅಧಿಕಾರವಿಲ್ಲ.

ಓನರ್‌ಗಳ ಭಯಕ್ಕೆ ಚರಿತ್ರೆ ಇದೆ, ಒಪ್ಪುತ್ತೇನೆ. 1947ರ ಬಾಂಬೆ ಬಾಡಿಗೆ ಕಾಯ್ದೆಯಡಿ ಬಾಡಿಗೆದಾರರನ್ನು ಬಿಡಿಸುವುದು ಕಷ್ಟವಾದಾಗ ಅವರು ಲೈಸೆನ್ಸಿನ ದಾರಿ ಹಿಡಿದರು. ಅದಕ್ಕೂ ತಿದ್ದುಪಡಿ ಬಂದು, 1973ರ ಫೆಬ್ರವರಿ 1ರಂದು ಚಾಲ್ತಿ ಲೈಸೆನ್ಸಿನ ಮೇಲೆ ಮನೆಯಲ್ಲಿದ್ದವರು ಕಾನೂನಿನ ಕಣ್ಣಲ್ಲಿ ಬಾಡಿಗೆದಾರರೇ ಆದರು. ಆಮೇಲೆ ಮನೆ ಬೀಗ ಹಾಕಿಟ್ಟರೂ ಸರಿ, ಕೊಡುವುದು ಬೇಡ ಎಂದು ಹೆದರಿದವರಿದ್ದರೆ ಆಶ್ಚರ್ಯವಿಲ್ಲ. ಆದರೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 24ನೆಯ ಕಲಮು ಲೈಸೆನ್ಸಿನ ಅವಧಿ ಮುಗಿದೊಡನೆ ಮನೆ ವಾಪಸು ಪಡೆಯುವ ದಾರಿಯನ್ನು ತೆರೆದಿಟ್ಟಿದೆ. ಮನೆ ಹೋದೀತೆಂಬ ಭಯಕ್ಕೆ ಮದ್ದು ಸಿಕ್ಕಾಗಿದೆ. ಮೊಳೆಯ ಭಯ ಮಾತ್ರ ಹಾಗೇ ಉಳಿದಿದೆ.

ಆ ಭಯದ ಬೆಲೆ ಡಿಪಾಸಿಟ್ಟಿನಿಂದ ವಸೂಲಾಗುತ್ತದೆ. ನಾಲ್ಕು ತೂತು ಕಂಡರೆ ಇಷ್ಟು ಕಡಿತ, ಅಂಟುಪಟ್ಟಿಯ ಜೊತೆ ಡಿಸ್ಟೆಂಪರ್ ಕಿತ್ತುಬಂದರೆ ಇಷ್ಟು. ಜುಲೈ ತಿಂಗಳ ತೇವಕ್ಕೆ ಪಟ್ಟಿ ತಾನಾಗಿ ಬಿದ್ದರೂ ಗೋಡೆಯ ಪದರ ಹೊತ್ತೇ ಬೀಳುತ್ತದೆ. ಬೆಂಗಳೂರಿನವರು ನಗಬೇಡಿ, ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿ ನಿಮ್ಮಲ್ಲಿದೆ. ಹೇಗೂ ಬಣ್ಣದ ದುಡ್ಡು ಕೊಡುವವರು ಮೊಳೆ ಯಾಕೆ ಹೊಡೆಯಬಾರದು? ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಇಷ್ಟೇ ಆಗಿದ್ದರೆ ಅಂದಚೆಂದದ ಜಗಳವೆಂದು ಸುಮ್ಮನಿರಬಹುದಿತ್ತು. ಆದರೆ ಮುಚ್ಚಿಡುವುದರಲ್ಲಿ ಅಪಾಯವಿದೆ. ಇಂಟರ್ನೆಟ್ಟಿನ ಫೈಬರ್, ಟಿವಿಯ ಎಚ್‌ಡಿಎಂಐ, ಲ್ಯಾನ್ ಕೇಬಲ್ ಇವು ಸಾಗಿಸುವುದು ಮಾಹಿತಿಯನ್ನು. ಇವನ್ನು ಸೋಫಾ ಹಿಂದೆ ಬೇಕಾದ ಹಾಗೆ ಅಡಗಿಸಿಡಿ, ನನ್ನ ತಕರಾರಿಲ್ಲ. ಕರೆಂಟಿನ ವೈರು ಹಾಗಲ್ಲ, ಅದು ಬಿಸಿಯಾಗುತ್ತದೆ. ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. 6 ಆಂಪ್‌ನ ಬೋರ್ಡು 230 ವೋಲ್ಟಿಗೆ ತಾಳುವುದು 1,380 ವ್ಯಾಟ್. 1,500 ವ್ಯಾಟಿನ ಕೆಟಲ್ ಒಂದೇ ಅದನ್ನು ದಾಟುತ್ತದೆ. 2,000 ವ್ಯಾಟಿನ ಇಂಡಕ್ಷನ್ ಒಲೆ ಎಳೆಯುವುದು ಸುಮಾರು 9 ಆಂಪ್. ಗೋಡೆಯೊಳಗಿನ ವೈರಿಗೆಂದು ಹಾಕಿದ 16 ಆಂಪ್‌ನ ಎಂಸಿಬಿಗೆ 9 ಆಂಪ್ ದೊಡ್ಡದಲ್ಲ, ಅದು ಬೀಳುವುದಿಲ್ಲ. ಬಿಸಿಯಾಗುವುದು ನೀವು ಡಬ್ಬಿಯೊಳಗೆ ಸುತ್ತಿಟ್ಟ ತೆಳು ವೈರು, ಮತ್ತು ಆ ಶಾಖಕ್ಕೆ ಹೊರಬರಲು ದಾರಿಯಿಲ್ಲ. ಕಾರ್ಪೆಟ್ ಕೆಳಗಿನದ್ದು ಕಾಲ್ತುಳಿತಕ್ಕೆ ಸವೆಯುತ್ತದೆ, ಮಂಚದ ಹಿಂದಿನದ್ದನ್ನು ಇಲಿ ಕಡಿಯುತ್ತದೆ. ಕಣ್ಣಿಗೆ ಬೀಳುವ ವೈರು ಕಂದಿದ ಪ್ಲಗ್ಗಿನಿಂದ, ಕರಕಲು ವಾಸನೆಯಿಂದ ಮುನ್ಸೂಚನೆ ಕೊಡುತ್ತದೆ. ಮುಚ್ಚಿಟ್ಟದ್ದು ಬೂದಿ ಮುಚ್ಚಿದ ಕೆಂಡ.

ಗೋಡೆ ಒಡೆಸುವುದು, ಸೊಸೈಟಿಯ ಅನುಮತಿ, ಧೂಳು, ಯಾರಿಗೆ ಬೇಕು ಎನ್ನುತ್ತಾರೆ ಓನರ್‌ಗಳು. ಗೋಡೆ ಒಡೆಯಿರಿ ಎಂದವರಾರು? ಕೇಸಿಂಗ್-ಕ್ಯಾಪಿಂಗ್ ಎಂಬ ಪ್ಲಾಸ್ಟಿಕ್ ಪಟ್ಟಿಯೊಳಗೆ, ಸರಿಯಾದ ದಪ್ಪದ ವೈರನ್ನು ಗೋಡೆಯ ಮೇಲೇ ಎಳೆದು ಮೂರ್ನಾಲ್ಕು ಪಾಯಿಂಟ್ ಕೊಡುವುದು ಬಲ್ಲ ಎಲೆಕ್ಟ್ರಿಶಿಯನ್‌ಗೆ ದೊಡ್ಡ ಕೆಲಸವಲ್ಲ. ವೈರು ನೀಟಾಗಿಯೂ ಇರುತ್ತದೆ, ಎಲ್ಲಿ ಹೋಗಿದೆಯೆಂದು ಕಾಣುತ್ತಲೂ ಇರುತ್ತದೆ. ಮುಂದಿನ ಬಾಡಿಗೆದಾರರಿಗೂ ಅದು ಉಳಿಯುತ್ತದೆ. ಲಾಭ ಮನೆಯದು, ಖರ್ಚೂ ಮನೆಯದೇ ಆಗಬೇಕು.

ಇದು ನನ್ನೊಬ್ಬರ ಹಟವೂ ಅಲ್ಲ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ರಿಪೇರಿಯನ್ನು ಇಬ್ಬರಿಗೂ ಹಂಚಿದೆ. ಸ್ವಿಚ್ಚು, ಸಾಕೆಟ್ಟಿನ ರಿಪೇರಿ ಬಾಡಿಗೆದಾರರಿಗೆ. ಒಳಗಿನ ಹೊರಗಿನ ವೈರಿಂಗ್ ಮಾಲೀಕರಿಗೆ. ವಾಸದ ಮನೆಯ ಡಿಪಾಸಿಟ್ಟಿಗೆ ಎರಡು ತಿಂಗಳ ಮಿತಿಯನ್ನೂ ಅದು ಹಾಕಿದೆ. ಅದು ಮಾದರಿ ಮಾತ್ರ, ರಾಜ್ಯಗಳು ಜಾರಿಗೆ ತಂದರಷ್ಟೇ ಬಲ. ಆದರೂ ಈ ಹಂಚಿಕೆ ನ್ಯಾಯವೆಂದು ದೆಹಲಿಯೇ ಬರೆದುಕೊಟ್ಟಿದೆ.

'ಹತ್ತು ಜನ ಕ್ಯೂ ನಿಂತಿರುವಾಗ ಪಾಯಿಂಟ್ ಕೇಳಿದರೆ ಮನೆ ಕೊಡುತ್ತಾರಾ?' ಎಂಬುದು ನಿಜವಾದ ಪ್ರಶ್ನೆ. ಮನೆ ಸೇರಿದ ಮೇಲೆ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ಟೋಕನ್ ಕೊಡುವ ಮೊದಲು ಕೇಳಿ. ಬ್ರೋಕರ್‌ಗೆ ತನ್ನ ಕಮಿಷನ್ ಬೇಕಿರುವ ಆ ಹೊತ್ತಿನಲ್ಲಿ ನಿಮ್ಮ ಪರವಾಗಿ ಮಾತಾಡಲು ಒಬ್ಬರಾದರೂ ಇರುತ್ತಾರೆ. ಮಹಾರಾಷ್ಟ್ರದಲ್ಲಿ ಈ ಕರಾರನ್ನು ಬರೆದು ನೋಂದಾಯಿಸುವುದು 55ನೆಯ ಕಲಮಿನ ಪ್ರಕಾರ ಕಡ್ಡಾಯ, ಆ ಹೊಣೆ ಮಾಲೀಕರದು. ಕರಾರಿನ ಕೊನೆಗೆ ಫ್ಯಾನ್ ಎಷ್ಟು, ಟ್ಯೂಬ್‌ಲೈಟ್ ಎಷ್ಟು, ಗೀಸರ್ ಎಷ್ಟು ಎಂಬ ಪಟ್ಟಿ ಇರುತ್ತದಲ್ಲ, ಅದರಲ್ಲಿ ಇನ್ನೊಂದು ಸಾಲು ಬರೆಸಿ: ಪ್ರತಿ ಕೋಣೆಯಲ್ಲಿ 6 ಆಂಪ್‌ನ ಪಾಯಿಂಟ್ ಎಷ್ಟು, 16 ಆಂಪ್‌ನದು ಎಷ್ಟು. ಎಣಿಸಿ ಬರೆಯುವಾಗ ಸೊನ್ನೆ, ಒಂದು ಎಂದು ಬರೆಯಲು ಓನರ್‌ಗೂ ನಾಚಿಕೆಯಾಗಲಿ. ಅಲ್ಲಿಯವರೆಗೆ ಎಕ್ಸ್‌ಟೆನ್ಶನ್ ಬೋರ್ಡು ಡಬ್ಬಿಯ ಹೊರಗೇ ಇರಲಿ, ಮನೆಗೆ ಬಂದವರ ಕಣ್ಣಿಗೂ ಬೀಳಲಿ.