ಕೋಡ್ ಸರಿ ಇದೆ, ಕರೆಂಟ್ ಸಾಲ್ತಿಲ್ಲ

ಸರ್ವೋ ಮೋಟಾರ್ ಅಂದ್ರೆ ಹೇಳಿದ ಕೋನಕ್ಕೆ ತಿರುಗಿ ಅಲ್ಲೇ ನಿಲ್ಲೋ ಪುಟ್ಟ ಮೋಟಾರ್. ಅದಕ್ಕಿರೋದು ಮೂರೇ ವೈರ್: ಕರೆಂಟ್, ಗ್ರೌಂಡ್, ಸಿಗ್ನಲ್. ಸಿಗ್ನಲ್ ವೈರಿನಲ್ಲಿ ಸೆಕೆಂಡಿಗೆ 50 ಸಲ ಒಂದು ಪಲ್ಸ್ ಕಳಿಸ್ತೀವಿ. ಪಲ್ಸ್ 1.5 ಮಿಲಿಸೆಕೆಂಡ್ ಇದ್ರೆ ಮೋಟಾರ್ ಮಧ್ಯಕ್ಕೆ ಬರುತ್ತೆ. 1ರ ಕಡೆ ಇಳಿಸಿದ್ರೆ ಒಂದು ಬದಿಗೆ, 2ರ ಕಡೆ ಏರಿಸಿದ್ರೆ ಇನ್ನೊಂದು ಬದಿಗೆ. ಇಷ್ಟೇ. ಆರ್ಡುಯಿನೋದಲ್ಲಿ ಹತ್ತು ಸಾಲು ಕೋಡ್ ಸಾಕು.

ಹಾಗಾದ್ರೆ ಕಷ್ಟ ಎಲ್ಲಿ?

ಡಿಪ್ಲೊಮಾ ಓದ್ತಿರೋ ನನ್ನ ಚಿಕ್ಕಪ್ಪನ ಮಗ ಪ್ರಾಜೆಕ್ಟಿಗೆ ಐದು ಬೆರಳಿನ ರೋಬೋ ಕೈ ಮಾಡಿದ್ದ. ಒಂದೊಂದೇ ಬೆರಳು ಸಲೀಸಾಗಿ ಮಡಚುತ್ತಿತ್ತು. ಐದೂ ಒಟ್ಟಿಗೆ ಅಂದ್ರೆ ಕೈಯೆಲ್ಲ ನಡುಗಿ, ಬೋರ್ಡ್ ರೀಸ್ಟಾರ್ಟ್ ಆಗ್ತಿತ್ತು. ಡೆಮೊಗೆ ಒಂದೇ ವಾರ. ನಾಲ್ಕು ಸಲ ಕೋಡ್ ಅಳಿಸಿ ಬರೆದಿದ್ದ. "ಅಣ್ಣಾ, ನಂಗೆ ಪ್ರೋಗ್ರಾಮಿಂಗ್ ಆಗಿಬರಲ್ಲ ಅನ್ಸುತ್ತೆ" ಅಂದ.

ಕೋಡ್ ಓದಿದೆ. ಚೆನ್ನಾಗೇ ಇತ್ತು. ಮಲ್ಟಿಮೀಟರ್ ಹಿಡಿದು ನೋಡಿದ್ರೆ, ಬೆರಳು ಮಡಚುವಾಗೆಲ್ಲ 5 ವೋಲ್ಟ್ ಇರಬೇಕಾದ ಜಾಗದಲ್ಲಿ 4ರ ಹತ್ತಿರಕ್ಕೆ ಕುಸೀತಿತ್ತು.

ಲೆಕ್ಕ ಸುಲಭ. ಎಸ್‌ಜಿ90ಯಂಥ ಚಿಕ್ಕ ಸರ್ವೋ ಕೂಡ ಅಡ್ಡಿ ಸಿಕ್ಕಿ ತಡೆದು ನಿಂತಾಗ ಅರ್ಧ ಆಂಪಿಯರ್ ಮೀರಿ ಎಳೆಯುತ್ತೆ. ಐದಕ್ಕೆ ಎರಡೂವರೆ ಆಂಪಿಯರ್. ಆರ್ಡುಯಿನೋ ಊನೋದ ಯುಎಸ್‌ಬಿ ದಾರಿಯಲ್ಲಿರೋ ಫ್ಯೂಸೇ 500 ಮಿಲಿಆಂಪಿಯರ್‌ನದು! ಮನೆಯ ಎಲ್ಲ ನಲ್ಲಿ ಒಟ್ಟಿಗೆ ತಿರುಗಿಸಿದ್ರೆ ಮೇಲಿನ ಮಹಡಿಗೆ ನೀರು ಏರುತ್ಯೇ?

ಎರಡು ಸಂಜೆ ಕೂತು ಒಂದು ಬೋರ್ಡ್ ಮಾಡಿದ್ವಿ. ಸಾಮಾನು ಬೆಂಗಳೂರಿನ ಎಸ್‌.ಪಿ. ರೋಡಿಂದ.

* ಮೋಟಾರ್‌ಗಳಿಗೇ ಬೇರೆ ಅಡಾಪ್ಟರ್: 5 ವೋಲ್ಟ್, 4 ಆಂಪಿಯರ್.
* ಪಲ್ಸ್ ಹಂಚೋಕೆ ಪಿಸಿಎ9685 ಮಾಡ್ಯೂಲ್. ಎರಡೇ ಸಿಗ್ನಲ್ ವೈರಿನಲ್ಲಿ ಹೇಳಿದ್ದನ್ನ ಕೇಳಿ 16 ಸರ್ವೋ ನೋಡ್ಕೊಳ್ಳುತ್ತೆ.
* ಮೋಟಾರ್ ಲೈನಿಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ಕ್ಷಣದ ಎಳೆತಕ್ಕೆ ಇದು ಮನೆ ಮೇಲಿನ ಟ್ಯಾಂಕಿದ್ದಂಗೆ. ಪ್ಲಸ್, ಮೈನಸ್ ಅದಲುಬದಲಾದ್ರೆ ಸಿಡಿಯಬಹುದು, ಹುಷಾರು.
* ಕರೆಂಟ್ ಹರಿಯೋ ದಾರಿಗೆ ದಪ್ಪ ತಾಮ್ರದ ತಂತಿ. ಸಿಗ್ನಲ್‌ಗೆ ಸಣ್ಣದು ಸಾಕು.

ಇನ್ನೊಂದು ಮಾತು. ಅಡಾಪ್ಟರ್‌ನ ಪ್ಲಸ್ಸನ್ನ ಆರ್ಡುಯಿನೋದ 5 ವೋಲ್ಟ್‌ಗೆ ಸೇರಿಸಬೇಡಿ. ಆದ್ರೆ ಎರಡರ ಗ್ರೌಂಡ್ ಮಾತ್ರ ಸೇರಲೇಬೇಕು. 'ಸೊನ್ನೆ' ಎಲ್ಲಿ ಅನ್ನೋದರಲ್ಲೇ ಇಬ್ಬರಿಗೂ ಒಮ್ಮತ ಇಲ್ಲದಿದ್ರೆ, ಪಲ್ಸ್ ಎಷ್ಟು ಸರಿಯಿದ್ರೂ ಮೋಟಾರಿಗೆ ಅರ್ಥವಾಗಲ್ಲ.

ಹಳೇ ಕೋಡನ್ನೇ ಹಾಕಿದ್ವಿ. ಪಲ್ಸ್ ಕಳಿಸೋ ಸಾಲುಗಳನ್ನಷ್ಟೇ ಮಾಡ್ಯೂಲಿಗೆ ಹೊಂದಿಸಿದ. ಐದೂ ಬೆರಳು ಒಟ್ಟಿಗೆ ಮಡಚಿ, ಒಂದು ಸ್ಟೀಲ್ ಲೋಟ ಹಿಡಿದು ನಿಂತ್ವು. ಹುಡುಗ ಲೋಟ ನೋಡಲಿಲ್ಲ, ಲ್ಯಾಪ್‌ಟಾಪ್ ಕಡೆ ತಿರುಗಿ ತನ್ನ ಕೋಡನ್ನೇ ಇನ್ನೊಮ್ಮೆ ಓದಿದ.

ಸಾಫ್ಟ್‌ವೇರ್ ಓದೋ ಮಕ್ಕಳು ಮನೇಲಿದ್ರೆ ಒಂದು ಮಲ್ಟಿಮೀಟರ್ ಕೊಡಿಸಿ. ಏನಾದ್ರೂ ನಡುಗಿದ್ರೆ ಮೊದಲು ವೋಲ್ಟೇಜ್ ಅಳೆಯಲಿ. ತಮ್ಮನ್ನ ತಾವು ಬೈಕೊಳ್ಳೋದು ಆಮೇಲಾದ್ರೂ ಆಗುತ್ತೆ.