ಬೀಗಮುದ್ರೆ ಹಾಕಿದರೆ ಸಾಲದು

ಸರ್ ಎಂ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಇರುವ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ, 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸ್ಫೋಟಿಸಿ ಆರು ಮಂದಿ ಸತ್ತರು. ಶಿವಮೊಗ್ಗದ ಹುಣಸೋಡು ದುರಂತ ನಡೆದು ಆಗ ತಿಂಗಳಷ್ಟೇ ಕಳೆದಿತ್ತು.

ಹಿರೇನಾಗವಲ್ಲಿಯಲ್ಲಿ ಸರ್ಕಾರ ಕಣ್ಣು ಮುಚ್ಚಿ ಕುಳಿತಿತ್ತೆನ್ನುವಂತಿಲ್ಲ. ಕೆಲವೇ ದಿನಗಳ ಹಿಂದೆ ಪೊಲೀಸರು ಆ ಕ್ವಾರಿಯ ಮೇಲೆ ಕ್ರಮ ಕೈಗೊಂಡಿದ್ದರು. ಅಡಗಿಸಿಟ್ಟಿದ್ದ ಸ್ಫೋಟಕವನ್ನು ವಿಲೇವಾರಿ ಮಾಡಲು ಹೋದಾಗ ಅನಾಹುತವಾಯಿತೆಂದು ವರದಿಯಾಯಿತು. ಎಂದರೆ, ಕಾನೂನಿನ ಭಯ ಅಲ್ಲಿ ಇತ್ತು. ಆದರೆ ಆ ಭಯ ಸ್ಫೋಟಕವನ್ನು ಒಪ್ಪಿಸುವಂತೆ ಮಾಡದೆ ಬಚ್ಚಿಡುವಂತೆ ಮಾಡಿತು.

ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1968ರಲ್ಲಿ ಮಂಡಿಸಿದ ವಾದ ಸರಳವಾದುದು: ತಪ್ಪು ಮಾಡುವವನು ದಂಡದ ಮೊತ್ತವನ್ನಷ್ಟೇ ಅಲ್ಲ, ಸಿಕ್ಕಿಬೀಳುವ ಸಂಭವವನ್ನೂ ಲೆಕ್ಕ ಹಾಕುತ್ತಾನೆ. ಸಂಸ್ಥೆಗಳ ವಿಷಯದಲ್ಲಿ ಈ ಮಾತು ಇನ್ನೂ ನಿಜ. ಅಪರೂಪಕ್ಕೆ ಬೀಳುವ ದಂಡ ಅವುಗಳಿಗೆ ವ್ಯವಹಾರದ ಮತ್ತೊಂದು ಖರ್ಚು ಮಾತ್ರ.

ನಮ್ಮಲ್ಲಿ ಗುತ್ತಿಗೆ ನೀಡುವುದು ಗಣಿ ಮತ್ತು ಭೂವಿಜ್ಞಾನ ಇಲಾಖೆ; ಸ್ಫೋಟಕದ ಪರವಾನಗಿಯಲ್ಲಿ ಕೇಂದ್ರದ ಸಂಸ್ಥೆಗೂ ಜಿಲ್ಲಾಡಳಿತಕ್ಕೂ ಪಾತ್ರವಿದೆ; ದೂರು ಬಂದರೆ ಹೋಗುವವರು ಪೊಲೀಸರು. ಆಡಳಿತದಲ್ಲಿ ದಶಕಗಳನ್ನು ಕಳೆದ ನಾನು ಬಲ್ಲಂತೆ, ಪ್ರತಿ ಕಡತವೂ ಸರಿಯಾಗಿದ್ದು ಒಟ್ಟು ಫಲಿತಾಂಶ ಮಾತ್ರ ತಪ್ಪಾಗಿರುವುದು ಇಂಥಲ್ಲಿಯೇ.

ಬಳ್ಳಾರಿಯ ಅನುಭವ ಬೇರೊಂದು ದಾರಿ ತೋರುತ್ತದೆ. ಲೋಕಾಯುಕ್ತ ವರದಿ ಬಂದ 2011ರಲ್ಲೇ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನು ತಡೆಯಿತು. ಆ ಬಳಿಕ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ತೀವ್ರ ಅಕ್ರಮದ ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಉಳಿದವು ಪುನಶ್ಚೇತನ ಯೋಜನೆಗೆ ಬದ್ಧವಾದ ಮೇಲಷ್ಟೇ ಮರಳಿ ಆರಂಭವಾಗಬೇಕಿತ್ತು. ಅಲ್ಲಿ ಅನುಮತಿ ನಡವಳಿಕೆಯನ್ನು ಅವಲಂಬಿಸಿತ್ತು.

ಬೆಂಗಳೂರಿನ ಕಟ್ಟಡಗಳಿಗೆ ಜಲ್ಲಿ, ಎಂ-ಸ್ಯಾಂಡ್ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು, ನಿಜ. ಆದರೆ ಅದರ ಬೆಲೆಯ ಒಂದು ಪಾಲನ್ನು ಕೂಲಿಕಾರನ ಪ್ರಾಣದಿಂದ ತೆರಿಸುವುದು ಅಗ್ಗವೆನಿಸಿಕೊಳ್ಳದು.

ಆಗಬೇಕಾದುದು ಇಷ್ಟು. ಕ್ವಾರಿ ಮುಚ್ಚಿಸಿದ ದಿನವೇ ಸ್ಫೋಟಕದ ದಾಸ್ತಾನನ್ನು ಮಾರಾಟಗಾರನ ಲೆಕ್ಕದೊಡನೆ ತಾಳೆ ನೋಡಬೇಕು. ಉಳಿದುದನ್ನು ಪರಿಣತರೇ ವಶಕ್ಕೆ ಪಡೆಯಬೇಕು. ತಾನಾಗಿ ಒಪ್ಪಿಸಿದವನಿಗೆ ದಂಡ ಕಡಿಮೆಯಿರಲಿ, ಬಚ್ಚಿಟ್ಟವನಿಗೆ ಗುತ್ತಿಗೆಯೇ ಇಲ್ಲದಾಗಲಿ. ಅನಾಹುತವಾದರೆ ಕಾವಲುಗಾರನಲ್ಲ, ಲಾಭ ಪಡೆದವನು ಉತ್ತರಿಸುವಂತಾಗಬೇಕು.